ಎರಡನೆಯ ಬ್ರೇಕು

ಮದುವೆಗೆ ಮುಂಚೆ ಮೇಷ್ಟ್ರು ಅವಳಿಗೆ ಒಂದೇ ಒಂದು ಮಾತು ಕೊಟ್ಟಿದ್ದರು. "ನೀನು ಗಾಡಿ ಓಡಿಸೋವಾಗ ನನ್ನ ಕಾಲು ಬ್ರೇಕಿನ ಮೇಲೆ ಹೋಗಲ್ಲ. ನಿನ್ನಾಣೆ."

ಹೆಣ್ಣಿಗೆ ಯಾರಾದರೂ ಇಂಥ ಮಾತು ಕೊಡುತ್ತಾರೆಯೇ ಎಂದು ಕೇಳಬೇಡಿ. ಮೇಷ್ಟ್ರು ಎಂದರೆ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಆ ಕಾರುಗಳಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕಿದ್ದರೆ ಪಕ್ಕದ ಸೀಟಿನಲ್ಲಿ ಮೇಷ್ಟ್ರ ಕಾಲಡಿ ಇನ್ನೊಂದಿರುತ್ತದೆ. ಮೇಷ್ಟ್ರು ತಮ್ಮದನ್ನು ತುಳಿದರೆ ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗಿಂದ ಒಂದು ಬಜರು 'ಕೀಂ' ಎಂದು ಅರಚುತ್ತದೆ. ಪರೀಕ್ಷೆಯ ದಿನ ಹಿಂದೆ ಕೂತ ಇನ್ಸ್‌ಪೆಕ್ಟರ ಕಿವಿಗೆ ಆ ಕೀಂ ಬಿತ್ತೆಂದರೆ ಕಥೆ ಮುಗಿಯಿತು, ಫೇಲು.

ಅವಳು ಆಗ ಮೇಷ್ಟ್ರ ವಿದ್ಯಾರ್ಥಿನಿ. ಮೊದಲ ಸಲ ಫೇಲಾದದ್ದು ರಸ್ತೆಯಾಚೆ ಗೋಡೆಗೆ ಬೆನ್ನು ಕೊಟ್ಟು ನಿದ್ದೆ ಹೊಡೆಯುತ್ತಿದ್ದ ಒಂದು ನಾಯಿಯಿಂದ. ಅದಕ್ಕೆ ಏಳುವ ಯೋಚನೆಯೇ ಇರಲಿಲ್ಲ, ಆದರೆ ಎದ್ದರೂ ಎದ್ದೀತು ಎಂದು ಮೇಷ್ಟ್ರ ಕಾಲಿಗೆ ಅನ್ನಿಸಿಬಿಟ್ಟಿತು. ಎರಡನೆಯ ಸಲ ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ಚೀಲ. ಮೂರನೆಯ ಸಲಕ್ಕೆ ಅವಳ ಪುಣ್ಯ, ಮೇಷ್ಟ್ರಿಗೆ ಜ್ವರ ಬಂತು. ರಸ್ತೆಯ ಎದುರುಗಡೆಯ ಡ್ರೈವಿಂಗ್ ಸ್ಕೂಲಿನವನು, ಊರೆಲ್ಲ 'ಗೊರಕೆ' ಎಂದು ಕರೆಯುವವನು, ಅವರ ಬದಲು ಬಂದು ಪಕ್ಕದಲ್ಲಿ ಕೂತ. ಕೂತವನು ಎಂದಿನಂತೆ ನಿದ್ದೆ ಮಾಡಿದ. ಅವಳು ಪಾಸಾದಳು. ಇಳಿಯುವಾಗ ಗೊರಕೆಯನ್ನು ಇನ್ಸ್‌ಪೆಕ್ಟರೇ ಅಲುಗಾಡಿಸಿ ಎಬ್ಬಿಸಬೇಕಾಯಿತು.

ಜ್ವರ ಬಿಟ್ಟ ದಿನವೇ ಮೇಷ್ಟ್ರು ಮದುವೆಯ ವಿಷಯ ಎತ್ತಿದರು. ಅವಳು ಸ್ವಲ್ಪ ಯೋಚಿಸಿ, "ನಿಮ್ಮ ಜೊತೆ ಸಂಸಾರ ಮಾಡಬಹುದು ಮೇಷ್ಟ್ರೇ, ಗಾಡಿ ಓಡಿಸೋಕಾಗಲ್ಲ" ಎಂದಳು. ಆಗ ಬಾಯಿಗೆ ಬಂದದ್ದು ಆ ಆಣೆ.

ಹದಿನಾರು ವರ್ಷ ಮೇಷ್ಟ್ರು ಅದನ್ನು ಚಾಚೂ ತಪ್ಪದೆ ನಡೆಸಿಕೊಂಡು ಬಂದರು. ನಡೆಸಿದ ಬಗೆ ಬಹಳ ಸುಲಭದ್ದು. ಅವಳ ಪಕ್ಕದಲ್ಲಿ ಅವರು ಒಂದು ದಿನವೂ ಕೂರಲಿಲ್ಲ. ಎಲ್ಲಿಗೆ ಹೊರಟರೂ "ನಾನಿದ್ದೀನಲ್ಲ, ನಿನಗ್ಯಾಕೆ ತೊಂದರೆ" ಎಂದು ತಾವೇ ಸ್ಟಿಯರಿಂಗ್ ಹಿಡಿದು ಕೂತುಬಿಡುತ್ತಿದ್ದರು. ಅವಳೋ, ಬೆಳಗಿನಿಂದ ಸಂಜೆಯವರೆಗೆ ಆಸ್ಪತ್ರೆಯ ಬಟ್ಟೆ ವ್ಯಾನು ಓಡಿಸುವವಳು. ಕೊಳೆಯಾದ ಹೊದಿಕೆಗಳನ್ನು ಒಗೆಯುವಲ್ಲಿಗೆ ಒಯ್ಯುವುದು, ಒಗೆದವನ್ನು ವಾರ್ಡುಗಳಿಗೆ ತರುವುದು. ಊರಿನ ಸಂದಿಗೊಂದಿಗಳಲ್ಲಿ ಆ ವ್ಯಾನನ್ನು ಹಿಂದಕ್ಕೆ ತೆಗೆಯುವಾಗ ತರಕಾರಿ ಗಾಡಿಯವರು ಕೂಡ ವ್ಯಾಪಾರ ಬಿಟ್ಟು ನೋಡುತ್ತಿದ್ದರು. ಮೇಷ್ಟ್ರು ಮಾತ್ರ ಒಮ್ಮೆಯೂ ನೋಡಿರಲಿಲ್ಲ.

ಈಗ ಅವಳು ಕಲಿಸುವವರ ಪರೀಕ್ಷೆಯನ್ನೂ ಪಾಸು ಮಾಡಿದ್ದಳು. ಮೇಷ್ಟ್ರ ಬಳಿ ಕಾರು ಎರಡು, ಕಲಿಸುವ ತಲೆ ಒಂದೇ. ಇದ್ದ ಇನ್ನೊಬ್ಬ ಬಿಟ್ಟುಹೋದ ಮೇಲೆ ಎರಡನೆಯ ಕಾರು ಹೊದಿಕೆ ಹೊದ್ದು ಶೆಡ್ಡಿನಲ್ಲಿ ಮಲಗಿತ್ತು, ಅದರಡಿಯಲ್ಲಿ ಬೆಕ್ಕೊಂದು ಬಾಣಂತನ ಮುಗಿಸಿ ಮಕ್ಕಳನ್ನು ಸಾಕುತ್ತಿತ್ತು. ಕಲಿಯಲು ಬಂದ ಹೆಂಗಸರು "ಹೆಂಗಸರು ಯಾರೂ ಕಲಿಸಲ್ವಾ?" ಎಂದು ಕೇಳಿ, ಇಲ್ಲವೆಂದರೆ ಹಾಗೇ ಹೊರಟುಹೋಗುತ್ತಿದ್ದರು. ರಸ್ತೆಯ ಆ ಕಡೆಯಿಂದ ಗೊರಕೆ ಅವಳಿಗೆ ಆಗಲೇ ಹೇಳಿ ಕಳಿಸಿದ್ದ, "ಬಂದುಬಿಡಮ್ಮ, ನೀನು ಕಲಿಸು, ನಾನು ಮಲಗ್ತೀನಿ." ಅವಳು ಆಚೆ ಹೋದರೆ ತಮ್ಮ ಸ್ಕೂಲು ವರ್ಷ ತುಂಬುವುದರೊಳಗೆ ಬಾಗಿಲು ಹಾಕುವುದು ಖಂಡಿತ ಎಂದು ಮೇಷ್ಟ್ರಿಗೆ ಗೊತ್ತಿತ್ತು.

"ನಮ್ಮ ಸ್ಕೂಲಿಗೇ ಬಾ" ಎಂದರು ಒಂದು ರಾತ್ರಿ ಊಟದ ಹೊತ್ತಿನಲ್ಲಿ.

"ಬರ್ತೀನಿ. ಆದ್ರೆ ನಾನು ಕಲಿಸೋವಾಗ ನೀವು ಮೂಗು ತೂರಿಸಬಾರದು."

"ಯಾಕೆ ತೂರಿಸ್ಲಿ?"

"ಹಾಗಾದ್ರೆ ಈ ಶನಿವಾರ ಭಾನುವಾರ ಆ ಹಾಳು ಕೋಟೆಗೆ ಹೋಗಿಬರೋಣ. ನಾನು ಓಡಿಸ್ತೀನಿ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ. ಕೊಟ್ಟ ಮಾತು ಉಳಿಸಿಕೊಂಡ್ರೆ ಸೋಮವಾರದಿಂದ ನಿಮ್ಮ ಸ್ಕೂಲು. ಒಂದೇ ಒಂದು ಸಲ ಕೀಂ ಅಂದ್ರೂ ಎದುರುಗಡೆ ಸ್ಕೂಲು."

ಮಗಳು ತಟ್ಟೆಯಿಂದ ತಲೆ ಎತ್ತಿದಳು. ಹದಿಮೂರರ ಹುಡುಗಿ, ನಾಲಿಗೆಗೆ ಮಾತ್ರ ಮೂವತ್ತಾಗಿತ್ತು. "ಅಪ್ಪ, ಈಗಲೇ ಸೋತೆ ಅಂತ ಒಪ್ಕೊಂಡುಬಿಡು. ಸಿನಿಮಾಕ್ಕಾದ್ರೂ ಹೋಗೋಣ."

ಮೇಷ್ಟ್ರ ತಾಯಿ, ಮೂಲೆಯಲ್ಲಿ ಕಾಲು ನೀವಿಕೊಳ್ಳುತ್ತಿದ್ದವರು, "ನಾನೂ ಬರ್ತೀನಿ ಕಣೋ" ಎಂದರು. "ನನಗಿಂತ ಹಳೇದು ಏನಾದ್ರೂ ಈ ಲೋಕದಲ್ಲಿ ಇದ್ಯಾ ಅಂತ ನೋಡ್ಬೇಕು."

ಶನಿವಾರ ಬೆಳಿಗ್ಗೆ ಹೊರಟರು. ಮನೆಯಲ್ಲಿ ಬೇರೆ ಕಾರಿಲ್ಲ, ಸ್ಕೂಲಿನದೇ ಕಾರು. ಹಿಂದೆ ಮುಂದೆ ಕೆಂಪಕ್ಷರದಲ್ಲಿ 'ಕಲಿಯುತ್ತಿದ್ದಾರೆ, ದೂರವಿರಿ' ಎಂಬ ಬೋರ್ಡು. ಮೇಷ್ಟ್ರು ಹಿಂದಿನ ರಾತ್ರಿಯೇ ಉಪಾಯ ಹುಡುಕಿಕೊಂಡಿದ್ದರು. ಚಪ್ಪಲಿ ಕಳಚಿಟ್ಟು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಕಾಲೇ ಕೆಳಗಿಲ್ಲದ ಮೇಲೆ ತುಳಿಯುವುದು ಏನನ್ನು?

"ಧ್ಯಾನ ಮಾಡ್ತೀರಾ?" ಎಂದಳು ಹೆಂಡತಿ, ಕನ್ನಡಿ ಸರಿಮಾಡಿಕೊಳ್ಳುತ್ತ.

"ಬೆನ್ನಿಗೆ ಒಳ್ಳೇದಂತೆ."

ಊರು ದಾಟುವವರೆಗೆ ಮೇಷ್ಟ್ರು ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ಅವಳು ಒಂದು ಲಾರಿಯನ್ನು ಹಿಂದೆ ಹಾಕಿದಾಗ ಸೀಟ್‌ಬೆಲ್ಟನ್ನು ಕಚ್ಚಿಕೊಂಡರು. ಎರಡು ಬಸ್ಸುಗಳ ನಡುವೆ ನುಸುಳಿದಾಗ ಅವರ ಬಲಗಾಲಿನ ಹೆಬ್ಬೆರಳು ತೊಡೆಯ ಕೆಳಗಿದ್ದುಕೊಂಡೇ ಸೀಟಿನ ಸ್ಪಂಜನ್ನು ಒತ್ತಿತು. ಅವಳು ಓಡಿಸುತ್ತಿದ್ದದ್ದು ಚೆನ್ನಾಗಿಯೇ ಇತ್ತು. ಹಾಗೆ ನೋಡಿದರೆ ತಮಗಿಂತ ಚೆನ್ನಾಗಿತ್ತು. ಇದು ಮೇಷ್ಟ್ರ ತಲೆಗೆ ತಿಳಿಯುತ್ತಿತ್ತು. ಕಾಲಿಗೆ ಯಾರು ತಿಳಿಸಿ ಹೇಳಬೇಕು? ಇಪ್ಪತ್ತು ವರ್ಷ ಅನ್ನ ಹಾಕಿದ್ದು ಆ ಕಾಲು. ಮೇಷ್ಟ್ರು ನಿದ್ದೆಯಲ್ಲೂ ಬ್ರೇಕು ತುಳಿಯುವವರು, ಮಂಚದ ಕೊನೆಯ ಹಲಗೆ ಎರಡು ಸಲ ಕಿತ್ತುಬಂದಿತ್ತು.

ಬೋರ್ಡು ನೋಡಿದವರೆಲ್ಲ ದೂರ ಸರಿದರು. ಸ್ಕೂಟರಿನವನೊಬ್ಬ ಪಕ್ಕಕ್ಕೆ ಬಂದು ಕಿಟಕಿಯೊಳಗೆ ಬಗ್ಗಿ ನೋಡಿ, "ನಿಧಾನ ಅಕ್ಕ, ಹೆದರ್ಬೇಡಿ, ಎಲ್ಲ ಕಲ್ತುಬಿಡ್ತೀರಿ" ಎಂದ. ಆಮೇಲೆ ಸೀಟಿನ ಮೇಲೆ ಬುದ್ಧನಂತೆ ಕೂತ ಮೇಷ್ಟ್ರನ್ನು ನೋಡಿ, "ಮೇಷ್ಟ್ರಿಗೆ ಭಾರಿ ಧೈರ್ಯ" ಎಂದು ಮುಂದೆ ಹೋದ.

"ಧೈರ್ಯ ಅಲ್ಲ ಅಣ್ಣ, ಜೋಮು!" ಎಂದು ಮಗಳು ಹಿಂದಿನಿಂದ ಕೂಗಿದಳು.

ನಿಜವಾಗಿಯೂ ಜೋಮು ಹಿಡಿದಿತ್ತು. ಚಹಾ ಕುಡಿಯಲು ನಿಲ್ಲಿಸಿದಾಗ ಮೇಷ್ಟ್ರು ಇಳಿಯಲು ಹೋಗಿ ಹಾಗೇ ಬಾಗಿಲಿಗೆ ಜೋತುಬಿದ್ದರು. ಕಾಲು ಎರಡೂ ಪರರ ಕಾಲುಗಳಂತಾಗಿದ್ದವು. ಅದನ್ನೇ ನೆಪ ಮಾಡಿಕೊಂಡು, "ಅಮ್ಮ, ನೀನು ಮುಂದೆ ಕೂತ್ಕೋ. ಕಾಲು ಚಾಚೋಕೆ ಜಾಗ ಇದೆ" ಎಂದರು.

"ಪಂದ್ಯ ನಿಮ್ಮದು, ಅತ್ತೆಯದಲ್ಲ" ಎಂದಳು ಹೆಂಡತಿ.

"ಸ್ವಲ್ಪ ದೂರ ಕಣೇ. ಕಾಲು ನೆಟ್ಟಗಾಗೋವರೆಗೆ."

ಅಜ್ಜಿ ಮುಂದೆ ಬಂದು ಕೂತರು. ಗಾಜಿನಿಂದಾಚೆ ರಸ್ತೆಯೆಲ್ಲ ಕಾಣುವುದನ್ನು ಕಂಡು ಹಿಗ್ಗಿದರು. ಸ್ವಲ್ಪ ಹೊತ್ತಿಗೆಲ್ಲ ಏನೋ ಒಂದು ಪಟ್ಟಿ ಅವರ ಕಾಲಿಗೆ ತಗುಲಿತು. ಪಾದ ಇಡಲು ಮಾಡಿದ್ದೇ ಇರಬೇಕೆಂದು ಇಟ್ಟರು.

ಕೀಂ!

ಕಾರು ಮುಗ್ಗರಿಸಿ ನಿಂತಿತು. ಹಿಂದಿನ ಸೀಟಿನಲ್ಲಿ ಮೇಷ್ಟ್ರು ಎರಡೂ ಕೈ ಎತ್ತಿ, "ನಾನಲ್ಲ! ನಾನಲ್ಲ!" ಎಂದು ಕೂಗಿದರು.

"ಗೊತ್ತು ರೀ, ನೀವು ಹಿಂದಿದ್ದೀರ" ಎಂದಳು ಹೆಂಡತಿ. ಪುಣ್ಯಕ್ಕೆ ರಸ್ತೆ ಖಾಲಿ ಇತ್ತು. "ಅತ್ತೆ, ಅದು ಬ್ರೇಕು. ಅದನ್ನ ತುಳೀಬಾರದು."

"ಇದನ್ನ ತುಳಿದ್ರೆ ಗಾಡಿ ನಿಲ್ಲುತ್ತಾ?" ಅಜ್ಜಿಯ ಮುಖದಲ್ಲಿ ಹೊಸ ಬೆಳಕು. "ಅಷ್ಟೇನಾ? ಇದನ್ನ ಮಾಡೋಕೆ ಇವನು ಇಷ್ಟು ವರ್ಷ ಮೇಷ್ಟ್ರು ಅನ್ನಿಸಿಕೊಂಡ್ನಾ? ಅಯ್ಯೋ, ನಾನು ಇವನ ಬೆನ್ನು ನೋಯುತ್ತೆ ಅಂತ ದಿನಾ ಎಣ್ಣೆ ತಿಕ್ಕಿದ್ನಲ್ಲೇ!"

ಆಮೇಲೆ ಅಜ್ಜಿಯನ್ನು ಹಿಡಿಯುವವರಿಲ್ಲ. ನೆರಳಿನ ಮರ ಕಂಡರೆ ಕೀಂ. ಸೀಬೆಹಣ್ಣಿನ ಬುಟ್ಟಿ ಕಂಡರೆ ಕೀಂ. ಯಾರದೋ ಮನೆಯ ಮುಂದೆ ಒಣಹಾಕಿದ್ದ ಸೀರೆಯ ಬಣ್ಣ ಚೆನ್ನಾಗಿದೆ ಎಂದು ಒಂದು ಕೀಂ. ಸೊಸೆ ಮೊದಮೊದಲು ನಕ್ಕಳು, ಆಮೇಲೆ ಗದರಿದಳು, ಕೊನೆಗೆ ಅತ್ತೆಯ ಕಾಲ ಕೆಳಗೆ ಬಟ್ಟೆಯ ಗಂಟನ್ನು ಅಡ್ಡ ಇಟ್ಟಳು. ಮೇಷ್ಟ್ರಿಗೆ ಮಾತ್ರ ಹೊಟ್ಟೆಕಿಚ್ಚು. ತಾವು ಒಂದು ಸಲ ತುಳಿದರೆ ಸ್ಕೂಲೇ ಹೋಗುತ್ತದೆ, ಅಮ್ಮ ಸೀರೆಗೆಲ್ಲ ತುಳಿಯುತ್ತಿದ್ದಾಳೆ.

ಕೋಟೆ ಬಂತು. ಕೋಟೆ ಎಂದರೆ ಗುಡ್ಡದ ಮೇಲೆ ಬಾಯಿ ತೆರೆದು ಬಿದ್ದ ಗೋಡೆಗಳು, ಸೂರಿಲ್ಲದ ಕಂಬಗಳು, ಎಲ್ಲಿಗೂ ಹೋಗದ ಒಂದು ಮೆಟ್ಟಿಲು. ಕುದುರೆಯ ಮೇಲೆ ಕೂತ ರಾಜನ ವಿಗ್ರಹಕ್ಕೆ ರುಂಡವಿರಲಿಲ್ಲ, ಕುದುರೆಗೆ ಬಾಲವಿರಲಿಲ್ಲ. ಅದರ ಮುಂದೆ ಪಟ ತೆಗೆಸಿಕೊಳ್ಳಲು ಜನ ಸಾಲು ನಿಂತಿದ್ದರು. ರುಂಡ ಇರಬೇಕಾದ ಜಾಗಕ್ಕೆ ಸರಿಯಾಗಿ ತಮ್ಮ ಮುಖ ಬರುವಂತೆ ಹಿಂದಿನ ಕಟ್ಟೆ ಹತ್ತುತ್ತಿದ್ದರು. ಮಗಳು ತಾನೂ ಹತ್ತಿ ರಾಜನಾಗಿ, "ಅಪ್ಪನ ತಲೆ ತೆಗೀರಿ!" ಎಂದು ಅಪ್ಪಣೆ ಕೊಡಿಸಿದಳು.

ಕೊಡೆ ಹಿಡಿದ ಗೈಡ್ ಒಬ್ಬ ಗಂಟುಬಿದ್ದ. ಅವನಿಗೆ ಪಾಠ ಬಾಯಿಗೆ ಬಂದಿತ್ತು, ಪ್ರಶ್ನೆ ಕೇಳಿದರೆ ಮಾತ್ರ ಮೊದಲಿನಿಂದ ಶುರುಮಾಡಬೇಕಾಗುತ್ತಿತ್ತು.

"ಇದು ರಾಜ ಕೂರುತ್ತಿದ್ದ ಜಾಗ. ಇದು ರಾಣಿ ಕೂರುತ್ತಿದ್ದ ಜಾಗ. ಇದು ಮಂತ್ರಿ ಕೂರುತ್ತಿದ್ದ ಜಾಗ."

"ಯಾರೂ ಎದ್ದು ಕೆಲಸ ಮಾಡ್ತಿರ್ಲಿಲ್ವಾ?" ಎಂದರು ಅಜ್ಜಿ.

ಗೈಡು ಕೊಡೆಯನ್ನು ಮತ್ತೆ ಮೊದಲ ಕಲ್ಲಿನ ಕಡೆ ತಿರುಗಿಸಿದ. "ಇದು ರಾಜ ಕೂರುತ್ತಿದ್ದ ಜಾಗ..."

ಏಳು ಸುತ್ತಿನ ಗೋಡೆಯ ಬಳಿ ಬಂದಾಗ ಅವನಿಗೆ ಹುರುಪು ಬಂತು. "ಶತ್ರು ಬರುತ್ತಾನೆ ಎಂಬ ಭಯಕ್ಕೆ ಈ ದೊರೆ ತನ್ನ ಜೀವಮಾನವೆಲ್ಲ ಗೋಡೆ ಕಟ್ಟಿಸಿದ. ಒಂದು ಮುಗಿದರೆ ಅದರ ಹೊರಗೆ ಇನ್ನೊಂದು. ಹೊಲದಲ್ಲಿ ಉಳುವವರಿಲ್ಲ, ಎಲ್ಲರೂ ಕಲ್ಲು ಹೊತ್ತರು."

"ಶತ್ರು ಬಂದ್ನಾ?" ಮಗಳು ಕೇಳಿದಳು.

"ಬರಲೇ ಇಲ್ಲ" ಎಂದ ಗೈಡು. ಇದಕ್ಕೆ ಪಾಠದಲ್ಲೇ ಉತ್ತರವಿತ್ತು.

"ಮತ್ತೆ ಇದನ್ನೆಲ್ಲ ಕೆಡವಿದ್ಯಾರು?"

"ಯಾರೂ ಇಲ್ಲ. ಭಾರಕ್ಕೆ ತಾನೇ ಕುಸಿಯಿತು."

ಹೆಂಡತಿ ಮೇಷ್ಟ್ರ ಕಡೆ ನೋಡಿದಳು. ಮಗಳು ನೋಡಿದಳು. ಅಜ್ಜಿಯೂ ತಿರುಗಿ ನೋಡಿದರು. "ನನ್ನನ್ಯಾಕೆ ನೋಡ್ತೀರಿ? ನಾನೇನು ಕಲ್ಲು ಹೊರಿಸಿದ್ನಾ?" ಎಂದು ಮೇಷ್ಟ್ರು ಮುಂದೆ ನಡೆದರು.

ರಾತ್ರಿ ಲಾಡ್ಜಿನ ಕೋಣೆಯಲ್ಲಿ ನಾಲ್ಕು ಜನಕ್ಕೆ ಎರಡು ಮಂಚ, ತಿರುಗಬೇಕೋ ಬೇಡವೋ ಎಂದು ಯೋಚಿಸುವ ಒಂದು ಫ್ಯಾನು. ಹೆಂಡತಿ ತಲೆ ಬಾಚಿಕೊಳ್ಳುತ್ತ, "ಇವತ್ತು ಪರವಾಗಿಲ್ಲ ಮೇಷ್ಟ್ರೇ" ಎಂದಳು. ದನಿಯಲ್ಲಿ ಕುಚೋದ್ಯವಿರಲಿಲ್ಲ. "ನನಗೂ ಆ ಗೊರಕೆಯ ಹತ್ರ ಹೋಗೋ ಆಸೆಯೇನಿಲ್ಲ. ನಮ್ಮ ಶೆಡ್ಡಲ್ಲಿ ಗಾಡಿ ಇಟ್ಕೊಂಡು ನಾನು ಬೇರೆಯವರ ಬೋರ್ಡಿನ ಕೆಳಗೆ ಯಾಕೆ ದುಡೀಲಿ?"

"ನಾಳೆ ಒಂದು ದಿನ ತಾನೆ" ಎಂದರು ಮೇಷ್ಟ್ರು. ಅವಳು ಇಷ್ಟು ಮೃದುವಾಗಿ ಮಾತನಾಡಿ ಎಷ್ಟು ಕಾಲವಾಗಿತ್ತೋ. ಇಬ್ಬರೂ ದಿನವಿಡೀ ರಸ್ತೆಯ ಮೇಲೆ ಸವೆದು ಮನೆಗೆ ಬಂದು, ಮಗಳ ಶಾಲೆ, ಅಮ್ಮನ ಮಾತ್ರೆ, ನಲ್ಲಿಯ ನೀರು ಎಂದು ನಾಲ್ಕು ಮಾತಾಡಿ, ಐದನೆಯದು ಬಾಯಿಗೆ ಬರುವುದರೊಳಗೆ ಮಲಗಿಬಿಡುತ್ತಿದ್ದವರು.

ಭಾನುವಾರ ಬೆಳಿಗ್ಗೆ ಗುಡ್ಡದ ತುದಿಯ ಕಾವಲು ಗೋಪುರವನ್ನೂ ಹತ್ತಿಳಿದರು. ಒಂದೊಂದು ಮೆಟ್ಟಿಲೂ ಮೊಣಕಾಲಿನಷ್ಟೆತ್ತರ. ಮೇಲೆ ಹೋದರೆ ನೋಡಲು ಇದ್ದದ್ದು ಕೆಳಗೆ ನಿಲ್ಲಿಸಿದ್ದ ಅವರದೇ ಕಾರು. ಇಳಿದು ಬರುವಷ್ಟರಲ್ಲಿ ಮೇಷ್ಟ್ರ ಮೀನಖಂಡಗಳು ಹಗ್ಗದಂತೆ ಹುರಿಗೊಂಡಿದ್ದವು. ಸೀಟಿನಲ್ಲಿ ಕೂತು ಕಾಲು ಮಡಚಲು ಹೋದರು, ಪ್ರಾಣ ಹೋದಂತಾಯಿತು. ಇನ್ನೊಮ್ಮೆ ಹೋದರು, ಕಣ್ಣಲ್ಲಿ ನೀರು ಬಂತು.

"ಕೆಳಗೇ ಬಿಟ್ಕೊಳ್ಳಿ ರೀ" ಎಂದಳು ಹೆಂಡತಿ. "ನಿಮ್ಮ ಕಾಲನ್ನ ನೀವು ನಂಬದೆ ಇದ್ರೆ ನಾನು ಹೇಗೆ ನಂಬ್ಲಿ?"

ಮೇಷ್ಟ್ರು ಕಾಲು ಕೆಳಗಿಟ್ಟರು. ಪೆಡಲಿನಿಂದ ಒಂದು ಗೇಣು ಈಚೆ, ಎರಡೂ ಹಿಮ್ಮಡಿ ಜೋಡಿಸಿ, ಶಾಲೆಯಲ್ಲಿ ಶಿಕ್ಷೆಗೆ ನಿಂತ ಹುಡುಗನಂತೆ. ಹಿಂದೆ ಅಜ್ಜಿ ಬಾಯಿ ತೆರೆದು ನಿದ್ದೆ ಹೋದರು. ಗುಡ್ಡದ ಇಳಿಜಾರು, ತಿರುವಿನ ಮೇಲೆ ತಿರುವು. ಎದುರಿಗೆ ಪ್ರವಾಸಿ ಬಸ್ಸು ರಸ್ತೆಯೆಲ್ಲ ತನ್ನದೇ ಎಂಬಂತೆ ಬಂತು. ಅವಳು ಗೇರು ಇಳಿಸಿ, ಅಂಚಿಗೆ ಸರಿದು, ಅದಕ್ಕೆ ದಾರಿ ಬಿಟ್ಟುಕೊಟ್ಟು ಮತ್ತೆ ಹೊರಟಳು. ಮೇಷ್ಟ್ರ ಕಾಲು ಕದಲಲಿಲ್ಲ. ಬಯಲಿಗಿಳಿದ ಮೇಲೆ ಕುರಿಮಂದೆ. ಕದಲಲಿಲ್ಲ. ಸಂಜೆಯ ಹೊತ್ತಿಗೆ ಊರಿನ ದಟ್ಟಣೆ, ಅಡ್ಡಾದಿಡ್ಡಿ ನುಗ್ಗುವ ಸೈಕಲ್ಲುಗಳು. ಆಗಲೂ ಕದಲಲಿಲ್ಲ. ಮೇಷ್ಟ್ರು ಒಳಗೊಳಗೇ ಉಬ್ಬಿದರು. ಸೋಮವಾರ ಶೆಡ್ಡಿನ ಕಾರಿಗೆ ನೀರು ಹಾಕಿ ತೊಳೆಯಬೇಕು, ಬೆಕ್ಕಿಗೆ ಬೇರೆ ಜಾಗ ನೋಡಬೇಕು.

"ಅಪ್ಪ, ಗೆದ್ದೇಬಿಟ್ಟೆ ಕಣೋ ನೀನು" ಎಂದಳು ಮಗಳು. ಮೊದಲ ಸಲ ಅವಳ ದನಿಯಲ್ಲಿ ಗೌರವವಿತ್ತು.

ತಮ್ಮದೇ ಬೀದಿಗೆ ತಿರುಗಿದರು. ಮುಂದೆ ನೀರಿನ ಟ್ಯಾಂಕರೊಂದು ಯಾರದೋ ಮನೆಗೆ ನೀರು ಬಿಟ್ಟು, ಬೆನ್ನು ಇತ್ತ ಮಾಡಿ ನಿಂತಿತ್ತು. ಅವಳು ಸಾಕಷ್ಟು ಹಿಂದೆಯೇ ಕಾರು ನಿಲ್ಲಿಸಿದಳು. ಟ್ಯಾಂಕರು ಗುರುಗುಟ್ಟಿ ಹಿಂದಕ್ಕೆ ಬರತೊಡಗಿತು. ಅವಳು ಹಾರನ್ ಬಾರಿಸಿದಳು. ಟ್ಯಾಂಕರಿನ ಸದ್ದಿನಲ್ಲಿ ಅದರ ಡ್ರೈವರನಿಗೆ ಕೇಳಿಸಲಿಲ್ಲ. ಅವಳು ಗಾಬರಿಯಾಗಲಿಲ್ಲ. ಕನ್ನಡಿ ನೋಡಿದಳು, ಹಿಂದೆ ಯಾರಿಲ್ಲ. ಹಿಂದಕ್ಕೆ ಹೋಗುವ ಗೇರಿಗೆ ಹಾಕಿ ಕ್ಲಚ್ ಬಿಟ್ಟಳು.

ಕೀಂ!

ಕಾರು ಒಮ್ಮೆ ನಡುಗಿ ಇಂಜಿನ್ ಬಂದ್ ಆಯಿತು.

"ಕಾಲು ತೆಗೀರಿ!" ಎಂದಳು.

ಮೇಷ್ಟ್ರಿಗೆ ಅದು ಕೇಳಿಸಿತು. ಟ್ಯಾಂಕರಿನ ತುಕ್ಕು ಹಿಡಿದ ಬೆನ್ನು ಗಾಜಿನ ತುಂಬ ದೊಡ್ಡದಾಗುತ್ತಿತ್ತು. ಮೈಯ ಭಾರವನ್ನೆಲ್ಲ ಹಾಕಿ ಅವರು ಬ್ರೇಕನ್ನು ಒತ್ತಿಹಿಡಿದಿದ್ದರು.

"ತೆಗೀರಿ ಅಂದ್ರೆ!" ಅವಳು ಮತ್ತೆ ಇಂಜಿನ್ ಶುರುಮಾಡಿದಳು, ಮತ್ತೆ ಕಾರು ನಡುಗಿ ಬಂದ್ ಆಯಿತು. ಬಜರು ಒಂದೇ ಸಮನೆ ಅರಚುತ್ತಿತ್ತು. ಟ್ಯಾಂಕರು ಅವಸರವಿಲ್ಲದೆ ಬಂದು, ಬಲಗಡೆಯ ದೀಪವನ್ನು ಪುಡಿಮಾಡಿ, ಬಂಪರಿಗೆ ಒರಗಿ ನಿಂತಿತು. ಅದರ ಪೈಪಿನಲ್ಲಿ ಉಳಿದಿದ್ದ ನೀರು ಬಾನೆಟ್ಟಿನ ಮೇಲೆ ತೊಟ್ಟಿಕ್ಕಿತು.

ಅಜ್ಜಿ ಎಚ್ಚರಗೊಂಡು, "ನಾನು ತುಳೀಲಿಲ್ಲಪ್ಪ" ಎಂದರು.

ಟ್ಯಾಂಕರಿನ ಡ್ರೈವರು ಇಳಿದು ಬಂದು ತಲೆ ಕೆರೆದುಕೊಂಡ. "ಹಿಂದೆ ಹೋಗಬಹುದಿತ್ತಲ್ಲ ಸಾರ್, ಅಷ್ಟೊಂದು ಜಾಗ ಇತ್ತು" ಎಂದ.

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ಕಾಲು ಇನ್ನೂ ಬ್ರೇಕಿನ ಮೇಲೇ ಇತ್ತು. "ಅದು ಮೇಲೇ ಬರ್ತಿತ್ತು ಕಣೇ. ಸುಮ್ನೆ ಕೂರ್ಲಾ?"

"ಗಾಡಿ ನಿಂತಿತ್ತು ರೀ" ಎಂದಳು ಅವಳು. ಬಯ್ಯುವ ದನಿಯಲ್ಲ, ದಣಿದ ದನಿ. "ನಿಂತ ಗಾಡಿಗೆ ಬ್ರೇಕ್ ಹಾಕಿದ್ರಲ್ಲ."

"ಅದನ್ನ ಲೆಕ್ಕಕ್ಕೆ ಹಿಡಿಬೇಡ. ನಿಂತ ಗಾಡಿ, ಅಂದ್ಮೇಲೆ ಓಡಿಸ್ತಾ ಇರ್ಲಿಲ್ಲ. ಓಡಿಸೋವಾಗ ಮುಟ್ಟಲ್ಲ ಅಂತ ತಾನೆ ನಾನು ಅಂದಿದ್ದು?"

"ಅಪ್ಪ, ಬಾಯಿ ಮುಚ್ಕೋ" ಎಂದಳು ಮಗಳು, ಮೆಲ್ಲಗೆ.

ಹೆಂಡತಿ ಕೀಲಿಯನ್ನು ಕಾರಿನಲ್ಲೇ ಬಿಟ್ಟು ಇಳಿದಳು. ಅತ್ತೆಯ ಕೈ ಹಿಡಿದು ಇಳಿಸಿಕೊಂಡು, ಬಟ್ಟೆಯ ಗಂಟನ್ನು ಹೆಗಲಿಗೆ ಹಾಕಿ, ಮಗಳೊಂದಿಗೆ ಮನೆಯ ಕಡೆ ನಡೆದಳು. ಮೇಷ್ಟ್ರು ಕೂತೇ ಇದ್ದರು. ಅವರು ಕಾಲು ತೆಗೆಯುವವರೆಗೂ ಬಜರು ಅರಚಿತು.

ಮೇಷ್ಟ್ರು ಕೊಟ್ಟ ಮಾತು ಮುರಿದಿತ್ತು. ಸೋಮವಾರ ಬೆಳಿಗ್ಗೆ ಅವಳು ರಸ್ತೆ ದಾಟಿ ಎದುರುಗಡೆ ಸ್ಕೂಲಿಗೆ ಕೆಲಸಕ್ಕೆ ಹೋದಳು.